ಹಸಿರು ಬನಿಯನ್ನಿನ ಹುಡುಗರು

ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ಎಲ್ಮ್‌ಹರ್ಸ್ಟ್ ಎಂಬ ಊರು ಸಿಗುತ್ತದೆ. ದೊಡ್ಡ ದೊಡ್ಡ ಮರಗಳು, ನೆಟ್ಟಗಿನ ರಸ್ತೆಗಳು, ಗಂಟೆಗೊಂದೆರಡು ಸಲ ಕೂಗುವ ರೈಲು. ಮಗಳು ಅಳಿಯ ಅಲ್ಲಿ ಮನೆ ಮಾಡಿದ್ದಾರೆ. ಮೊಮ್ಮಗ ಓದುವುದು ಊರಿನ ಯಾರ್ಕ್ ಹೈಸ್ಕೂಲಿನಲ್ಲಿ. ಅದು ಸರ್ಕಾರಿ ಶಾಲೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಮಗಳು ಈ ಶಾಲೆಯ ವಿಷಯ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಆದರೆ ತಿಪಟೂರು ಕಡೆಯ ಹಳ್ಳಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದ ನನಗೆ ಮೈದಾನವನ್ನು ಕಣ್ಣಾರೆ ನೋಡುವವರೆಗೆ ಯಾವ ಶಾಲೆಯೂ ಅರ್ಥವಾಗುವುದಿಲ್ಲ.

ಯಾರ್ಕ್ ಶಾಲೆಯ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು ಕ್ರಾಸ್ ಕಂಟ್ರಿಯಿಂದ. ಹುಲ್ಲು, ಮಣ್ಣು, ಏರು, ಇಳಿಜಾರು ಎಲ್ಲದರ ಮೇಲೂ ಓಡುವ ದೂರದ ಓಟ ಅದು. ಜೋ ನ್ಯೂಟನ್ ಎಂಬ ಕೋಚ್ 1956ರಲ್ಲಿ ಈ ಶಾಲೆಗೆ ಬಂದು 2016ರವರೆಗೆ ಇಲ್ಲೇ ಉಳಿದರು. 1962ರಲ್ಲಿ ಶಾಲೆಗೆ ಮೊದಲ ರಾಜ್ಯ ಪ್ರಶಸ್ತಿ ಬಂತು. ಅವರ ಕಾಲ ಮುಗಿಯುವಷ್ಟರಲ್ಲಿ ಇಲಿನಾಯ್ ರಾಜ್ಯದ ಪ್ರಶಸ್ತಿಗಳು 28 ಆಗಿದ್ದವು. 1988ರ ಸಿಯೋಲ್ ಒಲಿಂಪಿಕ್ಸಿಗೆ ಅಮೆರಿಕ ತಂಡದ ಜೊತೆ ಹೋಗಿಬಂದ ಮೇಲೂ ಈ ಹುಡುಗರನ್ನು ಬಿಡಲಿಲ್ಲ. 2017ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ 88 ವರ್ಷ.

28 ಪ್ರಶಸ್ತಿ ಎಂದರೆ ಯಾರಾದರೂ ತಲೆದೂಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಲೆಕ್ಕ. ಅವರ ತಂಡದಲ್ಲಿ ಕೆಲವು ವರ್ಷ ಇನ್ನೂರರ ಹತ್ತಿರ ಹುಡುಗರು ಇರುತ್ತಿದ್ದರಂತೆ. ಯಾರನ್ನೂ ಕೈಬಿಡುತ್ತಿರಲಿಲ್ಲ. ಅಭ್ಯಾಸಕ್ಕೆ ತಪ್ಪದೆ ಬರುವ ಹುಡುಗ ತಂಡದವನೇ, ಎಷ್ಟೇ ನಿಧಾನ ಓಡಲಿ. ಅಭ್ಯಾಸ ಮುಗಿದ ಮೇಲೆ ಒಬ್ಬೊಬ್ಬನ ಕೈ ಕುಲುಕಿ, ಮಾತಾಡಿಸಿಯೇ ಮನೆಗೆ ಕಳಿಸುತ್ತಿದ್ದರು. ಒಂದೊಂದು ತರಗತಿಯಲ್ಲಿ ಅರವತ್ತು ಎಪ್ಪತ್ತು ಮಕ್ಕಳನ್ನು ಸಾಲು ನಿಲ್ಲಿಸಿದವನು ನಾನು. ದಿನಾ ಇನ್ನೂರು ಹುಡುಗರ ಮುಖ ನೋಡಿ ಒಂದು ಮಾತಾಡುವುದು ಎಂಥ ಕೆಲಸ ಎಂದು ನನಗೆ ಗೊತ್ತು.

ಸೆಪ್ಟೆಂಬರ್ ಕೊನೆಯ ವಾರ, ಶಾಲೆ ಬಿಟ್ಟ ಮೇಲೆ ಪಾರ್ಕಿನಲ್ಲಿ ಸ್ಪರ್ಧೆ ಇತ್ತು. ಪಕ್ಕದ ಊರುಗಳ ಶಾಲೆಗಳೂ ಬಂದಿದ್ದವು. ಮಗಳು ಆಫೀಸಿನಿಂದ ಬೇಗ ಬಂದು ನನ್ನನ್ನು ಕರೆದುಕೊಂಡು ಹೋದಳು. ಟಿಕೆಟ್ ಇಲ್ಲ, ಗೇಟಿಲ್ಲ, ವೇದಿಕೆ ಇಲ್ಲ, ಭಾಷಣವೂ ಇಲ್ಲ. ಹುಲ್ಲಿನ ಮೇಲೆ ಬಿಳಿ ಗೆರೆ ಎಳೆದಿದ್ದರು. ತಿರುವುಗಳಲ್ಲಿ ಬಣ್ಣದ ಬಾವುಟ ನೆಟ್ಟಿದ್ದರು. ಕೊನೆಯ ನೂರು ಮೀಟರ್ ಎರಡೂ ಬದಿಗೆ ಹಗ್ಗ ಕಟ್ಟಿ, ಗೆರೆ ದಾಟಿದವರು ಒಬ್ಬರ ಹಿಂದೊಬ್ಬರು ಬರುವಂತೆ ಕಿರಿದಾದ ಓಣಿ ಮಾಡಿದ್ದರು. ಓಣಿಯ ತುದಿಯಲ್ಲಿ ಒಬ್ಬ ಹೆಂಗಸು ಬಂದವರ ಕೈಗೆ ಸ್ಥಾನದ ನಂಬರಿನ ಚೀಟಿ ಕೊಡುತ್ತಿದ್ದರು. ನಮ್ಮ ಹೋಬಳಿ ಕ್ರೀಡಾಕೂಟದಲ್ಲಿ ನಾನು ಇದೇ ಚೀಟಿ ಹಂಚಿದ್ದೇನೆ, ರಟ್ಟು ಕತ್ತರಿಸಿ ಮಾರ್ಕರಿನಲ್ಲಿ ಬರೆದುಕೊಂಡು. ಏಳು ಸಮುದ್ರದಾಚೆ ಅದನ್ನು ಕಂಡು ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ, ಹೋಗಿ ಆಕೆಯ ಪಕ್ಕದಲ್ಲೇ ನಿಂತುಬಿಟ್ಟೆ.

ಓಟದ ದೂರ 3 ಮೈಲಿ, ಅಂದರೆ 4.8 ಕಿಲೋಮೀಟರ್. ಒಂದು ತಂಡದಿಂದ ಏಳು ಜನ ಓಡುತ್ತಾರೆ. ಲೆಕ್ಕಕ್ಕೆ ಹಿಡಿಯುವುದು ಮೊದಲ ಐವರನ್ನು. ಅವರವರ ಸ್ಥಾನವೇ ಅವರ ಅಂಕ. ಐವರ ಅಂಕ ಕೂಡಿಸಿದಾಗ ಯಾರದು ಕಡಿಮೆಯೋ ಆ ತಂಡ ಗೆದ್ದಂತೆ. ಹಾಗಾಗಿ ಒಬ್ಬನೇ ಮಿಂಚಿನಂತೆ ಓಡಿ ಮೊದಲು ಬಂದರೆ ಸಾಲದು, ಐದನೆಯವನು ಎಲ್ಲಿದ್ದಾನೆ ಎಂಬುದರ ಮೇಲೆ ಸೋಲು ಗೆಲುವು ನಿಂತಿರುತ್ತದೆ. ಆರನೆಯವನು, ಏಳನೆಯವನು ಎದುರಾಳಿಯ ಐದನೆಯವನಿಗಿಂತ ಮುಂದೆ ಬಂದರೆ ಎದುರಾಳಿ ತಂಡದ ಅಂಕ ಹೆಚ್ಚುತ್ತದೆ, ಅದೂ ಉಪಕಾರವೇ. ನನ್ನ ಮಟ್ಟಿಗೆ ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ. ಯಾರ್ಕಿನ ಹುಡುಗರು ಹಸಿರು ಬನಿಯನ್ ತೊಟ್ಟು ಗುಂಪು ಬಿಡದೆ ಓಡಿದರು. ಮೊದಲ ಮೈಲಿಯಲ್ಲಿ ಒಬ್ಬರ ಭುಜಕ್ಕೆ ಒಬ್ಬರ ಭುಜ ತಾಗುವಷ್ಟು ಹತ್ತಿರ. ಮುಂದಿನವನು ತಲೆ ತಿರುಗಿಸಿ ಏನೋ ಹೇಳಿದರೆ ಹಿಂದಿನ ಮೂವರ ಹೆಜ್ಜೆ ಒಟ್ಟಿಗೇ ಬದಲಾಗುತ್ತಿತ್ತು.

ಆ ಓಟ ಮುಗಿದ ಮೇಲೆ ಉಳಿದವರೆಲ್ಲರ ಓಟ. ನಾನು ನೋಡಬೇಕೆಂದು ಬಂದಿದ್ದು ಇದನ್ನೇ, ಮೊಮ್ಮಗ ಓಡುವುದು ಇದರಲ್ಲಿ. ತುಪಾಕಿ ಶಬ್ದವಾದಾಗ ಅಗಲಕ್ಕೂ ಹುಡುಗರೇ ಹುಡುಗರು. ಎತ್ತರದವರು, ಗಿಡ್ಡಗಿನವರು, ಕನ್ನಡಕ ಜಾರದಂತೆ ದಾರ ಕಟ್ಟಿಕೊಂಡವನು, ಮೈ ಸ್ವಲ್ಪ ಭಾರದವನು. ನಮ್ಮಲ್ಲಿ ಒಂದೊಂದು ಸ್ಪರ್ಧೆಗೆ ಶಾಲೆಯಿಂದ ಇಷ್ಟೇ ಮಕ್ಕಳು ಎಂಬ ಮಿತಿ ಇರುತ್ತದೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಏಣಿ ಚೆನ್ನಾಗಿದೆ. ಮೊದಲ ಮೆಟ್ಟಿಲಿಗೂ ಕಾಲಿಡದ ನೂರಾರು ಮಕ್ಕಳಿಗೆ ಮಾತ್ರ ಆ ದಿನ ಕುರ್ಚಿ ಹೊರುವ, ನೀರು ಕೊಡುವ, ಚಪ್ಪಾಳೆ ತಟ್ಟುವ ಕೆಲಸ. ಎಸ್ಸೆಸ್ಸೆಲ್ಸಿ ಹತ್ತಿರ ಬಂದರೆ ಪಿ.ಟಿ. ಪೀರಿಯಡ್ಡೂ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಇಲಿನಾಯ್ ರಾಜ್ಯದಲ್ಲಿ ಬಹಳ ಕಾಲ ಶಾಲೆ ನಡೆಯುವ ಪ್ರತಿ ದಿನವೂ ದೈಹಿಕ ಶಿಕ್ಷಣ ಕಡ್ಡಾಯವಾಗಿತ್ತು. 2017ರಲ್ಲಿ ಅದನ್ನು ವಾರಕ್ಕೆ ಕನಿಷ್ಠ ಮೂರು ದಿನಕ್ಕೆ ಇಳಿಸಿದರು. ಇಳಿಸಿದ್ದಕ್ಕೆ ನನಗೆ ಬೇಸರವಾಯಿತು. ಆದರೂ ಅದು ಕಾನೂನಿನಲ್ಲಿದೆ, ಬೇರೆ ಪಾಠಕ್ಕೆ ಎತ್ತಿಕೊಳ್ಳಲಾಗದು ಎಂಬುದೇ ದೊಡ್ಡ ಮಾತು.

ಮೊಮ್ಮಗ ನಡುವಿನ ಗುಂಪಿನಲ್ಲಿ ಬಂದ. ಹೋದ ವರ್ಷ ಒಂದು ಮೈಲಿ ನಿಲ್ಲದೆ ಓಡಲಾಗದೆ ಪಕ್ಕೆ ಹಿಡಿದುಕೊಂಡು ಕೂರುತ್ತಿದ್ದ ಹುಡುಗ. ಈಗ ಮುಖ ಕೆಂಪಾಗಿ, ಬಾಯಿ ತೆರೆದು, ಕೈ ಮಾತ್ರ ಸೊಂಟದ ಮಟ್ಟದಲ್ಲೇ ಬಿಗಿ ತಪ್ಪದೆ ಬೀಸಿಕೊಂಡು ಬಂದ. ಆ ಕೈ ನೋಡಿ ನನಗೆ ಖುಷಿಯಾಯಿತು. ಸುಸ್ತಾದವನ ಕೈ ಮೊದಲು ಮೇಲೇರುತ್ತದೆ, ಎದೆಯ ಹತ್ತಿರ ಬಂದು ಮುಷ್ಟಿ ಕಟ್ಟುತ್ತದೆ. ಅದನ್ನು ಇಳಿಸಿಕೊಂಡು ಓಡುವುದನ್ನು ಯಾರೋ ತಾಳ್ಮೆಯಿಂದ ಕಲಿಸಿದ್ದಾರೆ. ಓಣಿಯಿಂದ ಹೊರಬಂದವನೇ ನನ್ನ ಹತ್ತಿರ ಬಂದು, "ತಾತಾ, ಪಿ.ಆರ್.!" ಅಂದ. ಇದುವರೆಗಿನ ಅವನ ಓಟಗಳಲ್ಲೆಲ್ಲ ಇದೇ ಕಡಿಮೆ ಸಮಯ ಎಂದು ಮಗಳು ವಿವರಿಸಿದಳು. ಎಷ್ಟನೆಯವನಾಗಿ ಬಂದೆ ಎಂದು ಕೇಳಿದೆ. ಚೀಟಿ ನೋಡಿಕೊಂಡು ಹೇಳಿದ. ಆದರೆ ಅವನ ಕಣ್ಣಲ್ಲಿದ್ದದ್ದು ಗಡಿಯಾರದ ಲೆಕ್ಕ.

"ನೀರು ಕುಡಿ, ಕೂತ್ಕೋ ಸ್ವಲ್ಪ ಹೊತ್ತು" ಅಂದೆ.

"ಆಮೇಲೆ ಕೂರ್ತೀನಿ ತಾತಾ, ಇನ್ನೂ ನಮ್ಮೋರು ಬರ್ತಾ ಇದಾರೆ" ಎಂದು ಹಗ್ಗದ ಕಡೆ ಓಡಿದ.

ಜೊತೆಗಾರನ ಪಕ್ಕದಲ್ಲಿ ಓಡಿ ಹುರುಪು ಕೊಡುವಂತಿಲ್ಲ, ಅದು ನಿಯಮಕ್ಕೆ ವಿರುದ್ಧ. ಅದಕ್ಕೇ ಓಟ ಮುಗಿಸಿದವರು ಹಗ್ಗದ ಹೊರಗೆ ಉದ್ದಕ್ಕೂ ನಿಂತರು. ಆಗಲೇ ಗೆದ್ದು ಬಂದಿದ್ದ ಮೊದಲ ಏಳು ಜನವೂ ಟ್ರ್ಯಾಕ್ ಸೂಟ್ ಹಾಕಿಕೊಂಡು ಬಂದು ನಿಂತರು. ಕೊನೆಗೆ ಬರುತ್ತಿದ್ದವನು ಆ ಭಾರದ ಮೈಯ ಹುಡುಗ. ಅವನಿಗೂ ಅವನ ಮುಂದಿನವನಿಗೂ ನಡುವೆ ಒಂದೂವರೆ ನಿಮಿಷದಷ್ಟು ಅಂತರ ಇದ್ದೀತು. ನಮ್ಮ ಕಡೆಯಾಗಿದ್ದರೆ ಅಷ್ಟರಲ್ಲಿ ಮೈಕಿನಲ್ಲಿ ಮುಂದಿನ ಸ್ಪರ್ಧೆಯ ಹೆಸರು ಕರೆದಿರುತ್ತಿದ್ದರು. ಇಲ್ಲಿ ಅವನ ಹೆಸರು ಹಿಡಿದು ಕೂಗು ಎದ್ದಿತು. ಕರುಣೆಯ ಕೂಗಲ್ಲ ಅದು. "ಕೈ ಇಳಿಸು, ಹೆಜ್ಜೆ ಚಿಕ್ಕದು ಮಾಡು, ಗೆರೆ ದಾಟೋವರೆಗೂ ಬಿಡಬೇಡ" ಎಂದು ಓಟಗಾರನಿಗೆ ಓಟಗಾರರು ಹೇಳುವ ಮಾತು. ಅವನೂ ಕೊನೆಯ ಐವತ್ತು ಮೀಟರಿನಲ್ಲಿ ವೇಗ ಹೆಚ್ಚಿಸಿದ. ಚೀಟಿ ಕೊಡುವ ಹೆಂಗಸು ಅವನಿಗೂ ಎರಡು ಹೆಜ್ಜೆ ಮುಂದೆ ಹೋಗಿ ಚೀಟಿ ಕೊಟ್ಟರು. ಕೋಚು ಕೈಲಿದ್ದ ಪಟ್ಟಿಯಲ್ಲಿ ಅವನ ಸಮಯ ಬರೆದು, ಹಳೆಯ ಸಮಯ ಬೆರಳಿಟ್ಟು ತೋರಿಸಿ, ಕೈ ಕುಲುಕಿದರು. ನನ್ನ ಕಣ್ಣು ತುಂಬಿ ಬಂತು. ನಮ್ಮ ಶಾಲೆಯಲ್ಲಿ ಮೈದಾನದ ಅಂಚಿನ ಹುಣಸೆ ಮರದ ಕೆಳಗೇ ಮೂರು ವರ್ಷ ಕಳೆದುಹೋದ ಎಷ್ಟೋ ಮಕ್ಕಳ ಮುಖ ಒಂದೊಂದಾಗಿ ನೆನಪಾಯಿತು.

ಇಲ್ಲಿ ಎಲ್ಲವೂ ಹೀಗೇ ಎಂದು ಯಾರೂ ತಿಳಿಯಬಾರದು. ಬ್ಯಾಸ್ಕೆಟ್‌ಬಾಲಿಗೆ ಆಯ್ಕೆ ನಡೆಯುತ್ತದೆ, ಪಟ್ಟಿಯಲ್ಲಿ ಹೆಸರಿಲ್ಲದವನು ಮನೆಗೆ ಹೋಗಬೇಕು. ಶುಕ್ರವಾರ ರಾತ್ರಿ ಫುಟ್‌ಬಾಲಿಗೆ ಸೇರುವ ಜನದ ಒಂದು ಪಾಲೂ ಓಟ ನೋಡಲು ಬರುವುದಿಲ್ಲ. ಶಾಲೆಗೆ ಬರುವ ಹಣದಲ್ಲಿ ದೊಡ್ಡ ಪಾಲು ಊರಿನ ಮನೆಗಳ ಆಸ್ತಿ ತೆರಿಗೆಯಿಂದ. ಮನೆಗಳ ಬೆಲೆ ಹೆಚ್ಚಿರುವ ಕಡೆ ಶಾಲೆಯೂ ಗಟ್ಟಿ, ಬಡ ಊರಿನ ಶಾಲೆ ಅದೇ ರಾಜ್ಯದಲ್ಲಿದ್ದೂ ಸೊರಗಿರುತ್ತದೆ. ಅಳಿಯ ತೆರಿಗೆಯ ಚೀಟಿ ತೋರಿಸಿದಾಗ ನನಗೆ ಮಾತೇ ಹೊರಡಲಿಲ್ಲ. ಇದೆಲ್ಲ ನಿಜ. ಆದರೆ ಅಂದು ಪಾರ್ಕಿನಲ್ಲಿ ನಾನು ಕಂಡಿದ್ದರಲ್ಲಿ ಎಷ್ಟಕ್ಕೆ ಹಣ ಬೇಕು? ಬಿಳಿ ಗೆರೆ, ಬಾವುಟ, ಹಗ್ಗ, ಚೀಟಿ, ಒಂದು ಗಡಿಯಾರ, ಹೆಸರಿನ ಪಟ್ಟಿ. ಬೂಟು ದುಬಾರಿ ಇದ್ದೀತು. ನಮ್ಮ ಮಕ್ಕಳು ಬರಿಗಾಲಲ್ಲೇ ಇದಕ್ಕಿಂತ ಚೆನ್ನಾಗಿ ಓಡುತ್ತಾರೆ.

ನವೆಂಬರ್ ಆರಂಭದ ಒಂದು ಶನಿವಾರ ರಾಜ್ಯ ಮಟ್ಟದ ಓಟ. ಪಿಯೋರಿಯಾ ಊರಿನ ಡೆಟ್‌ವೈಲರ್ ಪಾರ್ಕಿನಲ್ಲಿ 1970ರಿಂದ ನಡೆದುಕೊಂಡು ಬಂದಿದೆ. 1972ರಲ್ಲಿ ಕ್ರೇಗ್ ವರ್ಜಿನ್ ಎಂಬ ಹುಡುಗ ಅಲ್ಲಿ 3 ಮೈಲಿಯನ್ನು 13 ನಿಮಿಷ 50.6 ಸೆಕೆಂಡಿನಲ್ಲಿ ಓಡಿದ್ದ. ಆ ದಾಖಲೆ ಮುರಿಯಲು 2019 ಬರಬೇಕಾಯಿತು, ಮುರಿದದ್ದೂ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ. ಓಟದಲ್ಲಿ ಇಲ್ಲದ ಹುಡುಗರೂ ಕೂಗಿ ಹುರಿದುಂಬಿಸಲು ಅಲ್ಲಿಗೆ ಹೋಗುತ್ತಾರೆ. ಅದೇ ದಿನ ಕನ್ನಡ ಕೂಟದ ರಾಜ್ಯೋತ್ಸವವೂ ಬಿದ್ದರೆ ಏನು ಮಾಡುವುದೆಂದು ಮಗಳು ಅಳಿಯನ ನಡುವೆ ಆಗಲೇ ಚರ್ಚೆ ಶುರುವಾಗಿತ್ತು. ನಾನು ಅಷ್ಟು ದಿನ ಇರುವಂತಿರಲಿಲ್ಲ.

ಅಂದು ರಾತ್ರಿಯೇ ಊರಿಗೆ ಫೋನ್ ಮಾಡಿದೆ. ನನ್ನ ಜಾಗದಲ್ಲಿ ಈಗ ಇರುವ ಪಿ.ಟಿ. ಮೇಷ್ಟ್ರು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ನೋಡಿದ್ದನ್ನೆಲ್ಲ ಹೇಳಿದೆ. ವರ್ಷಕ್ಕೊಂದು ದಿನ, ಎಂಟು, ಒಂಬತ್ತು, ಹತ್ತನೆಯ ತರಗತಿಯ ಎಲ್ಲ ಮಕ್ಕಳಿಗೂ, ಹುಡುಗಿಯರಿಗೂ, ಒಂದು ಓಟ ಇಡೋಣ ಅಂದೆ. ಮುಂದಿನ ಮಟ್ಟ ಇಲ್ಲ, ಪ್ರಶಸ್ತಿ ಇಲ್ಲ, ಪ್ರತಿಯೊಬ್ಬರ ಸಮಯ ಬರೆದಿಡಬೇಕು, ಮುಂದಿನ ವರ್ಷ ಅದೇ ಪಟ್ಟಿ ಹಿಡಿದು ಮತ್ತೆ ಓಡಿಸಬೇಕು.

"ಸಾರ್, ಅಷ್ಟು ಮಕ್ಕಳನ್ನ ಒಟ್ಟಿಗೆ ಓಡಿಸೋಕೆ ನಮ್ಮ ಮೈದಾನ ಎಲ್ಲಿ ಸಾಕಾಗುತ್ತೆ?" ಅಂದ.

"ಮೈದಾನ ಯಾಕಪ್ಪಾ? ಶಾಲೆ ಹಿಂದಿನಿಂದ ಕೆರೆ ಏರಿ ಮೇಲೆ ಹೋಗಿ, ತೂಬಿನ ಹತ್ತಿರ ಇಳಿದು, ತೆಂಗಿನ ತೋಟದ ಬದೂನಲ್ಲಿ ವಾಪಸ್ ಬಂದ್ರೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್ ಆಗುತ್ತೆ. ಟೇಪ್ ಹಿಡಿದು ಅಳೆದು ನೋಡು. ತೋಟದವರನ್ನ ನಾನು ಬಂದ ಮೇಲೆ ಕೇಳ್ತೀನಿ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತೂಬಿನ ಹತ್ತಿರ ಮಳೆಗಾಲದಲ್ಲಿ ಜಾರುತ್ತದೆ, ಜನವರಿಗೆ ಇಟ್ಟುಕೊಳ್ಳೋಣ ಅಂದ. ಸುಣ್ಣದ ಪುಡಿ ಎಷ್ಟು ಮೂಟೆ ಬೇಕಾಗಬಹುದು ಎಂದು ಕೇಳಿದ. ತಿರುವುಗಳಲ್ಲಿ ಮಾತ್ರ ಹಾಕಿದರೆ ಒಂದೇ ಮೂಟೆ ಸಾಕು, ಉಳಿದ ಕಡೆ ಹಳೆ ಸೀರೆ ಹರಿದು ಬಾವುಟ ಮಾಡೋಣ ಎಂದು ಹೇಳಿದೆ.