ಅಪ್ಪನ ಕಾರ್ಡು, ಆ 48 ಗಂಟೆ

ಮಾಜಿ ಸೈನಿಕರ ಪಾಲಿಕ್ಲಿನಿಕ್‌ಗೆ ಹೋಗೋದಿದ್ದರೆ ಅಪ್ಪ ಹಿಂದಿನ ರಾತ್ರಿಯೇ ಶರ್ಟಿಗೆ ಇಸ್ತ್ರಿ ಹಾಕಿಟ್ಟುಕೊಳ್ಳುತ್ತಾರೆ. ಸೇನೆಯ ಡಿಸ್ಚಾರ್ಜ್ ಬುಕ್, ಪಿಪಿಒ ಅನ್ನೋ ಪಿಂಚಣಿ ಆದೇಶ, ಹಳೇ ಚೀಟಿಗಳು, ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಆರೋಗ್ಯ ಯೋಜನೆಯ ಕಾರ್ಡು ಮಾತ್ರ ಎದೆಯ ಜೇಬಿನಲ್ಲೇ ಇರಬೇಕು.

ಅಪ್ಪ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್, ಅಂದರೆ ಎಂಇಜಿಯಲ್ಲಿ ಹವಾಲ್ದಾರ್ ಆಗಿದ್ದವರು. 1993ರಲ್ಲಿ ನಿವೃತ್ತರಾದರು. ಮಾಜಿ ಸೈನಿಕರ ಆರೋಗ್ಯ ಯೋಜನೆ, ಅಂದರೆ ಎಲ್ಲರೂ ಇಸಿಎಚ್‌ಎಸ್ ಅನ್ನೋದು, ಶುರುವಾಗಿದ್ದು 2003ರ ಏಪ್ರಿಲ್ 1ರಂದು. ಅಲ್ಲಿವರೆಗೆ ದೊಡ್ಡ ಕಾಯಿಲೆ ಅಂದರೆ ನಮಗೆ ಬೆಂಗಳೂರಿನ ಸೇನೆಯ ಕಮಾಂಡ್ ಆಸ್ಪತ್ರೆಯೇ ಗತಿ, ರಾತ್ರಿ ಬಸ್ಸು ಹತ್ತಬೇಕಿತ್ತು. 1996ಕ್ಕೆ ಮುಂಚೆ ನಿವೃತ್ತರಾದವರಿಗೆ ವಂತಿಗೆ ಇಲ್ಲ, ಹಾಗಾಗಿ ಅಪ್ಪ ಅದನ್ನು ಕಟ್ಟದೇ ಸೇರಿದರು. ಅಮ್ಮನಿಗೂ ಕಾರ್ಡು ಬಂತು. ಅಪ್ಪನ ಕಣ್ಣಿನ ಆಪರೇಷನ್ ಕೈಯಿಂದ ಒಂದು ರೂಪಾಯಿ ಖರ್ಚಿಲ್ಲದೆ ಆಯಿತು. ಈ ಯೋಜನೆ ಇಲ್ಲದಿದ್ದರೆ ನಾವು ಸಾಲ ಮಾಡಬೇಕಿತ್ತು.

ಆದರೆ ಓಡಾಟ ಜಾಸ್ತಿ. ಅಪ್ಪನನ್ನು ಮೊದಲು ಪಾಲಿಕ್ಲಿನಿಕ್ ಡಾಕ್ಟರು ನೋಡಬೇಕಿತ್ತು, ಅವರು ರೆಫರಲ್ ಬರೆದುಕೊಟ್ಟ ಮೇಲೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬೇಕಿತ್ತು, ಅಲ್ಲಿ ಬರೆದ ಮಾತ್ರೆಗೆ ಮತ್ತೆ ಪಾಲಿಕ್ಲಿನಿಕ್‌ಗೇ ಬರಬೇಕಿತ್ತು. 73 ವರ್ಷದ, ಮಂಡಿ ಸವೆದ ಮನುಷ್ಯ ಎರಡು ಬಸ್ ಬದಲಿಸಿ ಬಂದಾಗ ಕೌಂಟರಿನಲ್ಲಿ 'ಈ ಮಾತ್ರೆ ಬಂದಿಲ್ಲ' ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅಪ್ಪ ಏನೂ ಅನ್ನುವುದಿಲ್ಲ. ಸುಮ್ನೆ ವಾಪಸ್ ಬರುತ್ತಾರೆ. ಒಮ್ಮೆ ಬಿಪಿ ಮಾತ್ರೆ ಮುಗಿದು ನಾಲ್ಕು ದಿನ ಆಗಿತ್ತು. ಖಾಲಿ ಸ್ಟ್ರಿಪ್ ನನ್ನ ಕೈಗೆ ಸಿಗುವವರೆಗೂ ಬಾಯಿ ಬಿಟ್ಟಿರಲಿಲ್ಲ.

ಹೋದ ಮಳೆಗಾಲ ರಾತ್ರಿ ಅಮ್ಮನಿಗೆ ಎದೆನೋವು ಬಂತು. ಹತ್ತಿರ ಇದ್ದ ಖಾಸಗಿ ಆಸ್ಪತ್ರೆಗೇ ಎತ್ತಿಕೊಂಡು ಹೋದೆವು, ಅದು ಪಟ್ಟಿಯಲ್ಲಿ ಇರಲಿಲ್ಲ. ತುರ್ತು ಅಂದರೆ ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ನನಗೆ ಅದು ಗೊತ್ತೇ ಇರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ಅವರು ಐಸಿಯು ಬಾಗಿಲು ಬಿಟ್ಟು ಕದಲುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದ ಬೀದಿಯ ಸುಬೇದಾರ್ ಮಾವ ಮಾರನೇ ದಿನ ನೋಡಲು ಬಂದವರು ಮೊದಲು ಕೇಳಿದ್ದೇ 'ತಿಳಿಸಿದ್ರಾ?' ಅಂತ. ಅವರೇ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಆಮೇಲೆ ಒರಿಜಿನಲ್ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ತುರ್ತು ಅಂತ ಡಾಕ್ಟರ ಪತ್ರ, ಎಲ್ಲಾ ಸೇರಿಸಿ ಕೊಟ್ಟೆವು. ಸರ್ಕಾರದ ದರದ ಲೆಕ್ಕದಲ್ಲಿ ಕೊಡೋದರಿಂದ ಕಟ್ಟಿದ್ದಷ್ಟೂ ಬರಲಿಲ್ಲ, ಆದರೂ ದೊಡ್ಡ ಪಾಲು ಬಂತು.

ನಿಮ್ಮ ಮನೆಯಲ್ಲೂ ಮಾಜಿ ಸೈನಿಕರಿದ್ದರೆ ಇವತ್ತೇ ಅವರ ಪಕ್ಕ ಕೂತು ಆ ಕವರ್ ಬಿಚ್ಚಿಸಿ. ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ, ಪಾಲಿಕ್ಲಿನಿಕ್ ನಂಬರ್ ಯಾವುದು, ಕೇಳಿ ಬರೆದಿಟ್ಟುಕೊಳ್ಳಿ. ಅವರಾಗಿ ಹೇಳುವುದಿಲ್ಲ.

ನಾನು ಬರೆದ ಹಾಳೆಯನ್ನು ಅಡುಗೆಮನೆ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಸರ್ವಿಸ್ ನಂಬರಿನಲ್ಲಿ ನಾನು ಬಿಟ್ಟಿದ್ದ ಒಂದು ಅಂಕಿಯನ್ನು ಪೆನ್ನಿನಲ್ಲಿ ಸೇರಿಸಿದರು.