ಗ್ರಿಮ್ಸ್‌ಬಿಯಲ್ಲಿ ಒಂದು ಲೋಟ ಕಾಫಿ

ಗ್ರಿಮ್ಸ್‌ಬಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಹಳೆಯ ಮೀನುಗಾರಿಕೆ ಬಂದರು. ರೈಲಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಹೊರಗೆ ಜಿಟಿಜಿಟಿ ಮಳೆ. ನಿಲ್ದಾಣದ ಪಕ್ಕದಲ್ಲೇ ಇರುವ ಯಾರ್ಬರೋ ಹೋಟೆಲ್‌ಗೆ ನುಗ್ಗಿದೆ. ಹೆಸರಿಗೆ ಹೋಟೆಲ್, ಕೆಳಗಿರುವುದು ವೆದರ್‌ಸ್ಪೂನ್ ಎಂಬ ಅಗ್ಗದ ಸರಣಿಯ ಪಬ್.

ಬೆಳಿಗ್ಗೆ ಹತ್ತು ಗಂಟೆ. ಒಳಗೆ ಬಹುಪಾಲು ವಯಸ್ಸಾದವರು. ಮೇಜಿಗೊಬ್ಬರಂತೆ ಕುಳಿತಿದ್ದಾರೆ. ಒಮ್ಮೆ ಹಣ ಕೊಟ್ಟರೆ ಕಾಫಿಯನ್ನು ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದು. ಬೆಚ್ಚಗೆ ಕೂರಬಹುದು. ಎದ್ದು ಹೋಗಿ ಎನ್ನುವವರಿಲ್ಲ.

ಪಕ್ಕದ ಮೇಜಿನ ಅಜ್ಜ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದಿದ್ದರು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. "ಬಲೆಯ ಹಗ್ಗ," ಎಂದರು. ಹದಿನೈದಕ್ಕೇ ಕಡಲಿಗೆ ಇಳಿದವರಂತೆ. ಐಸ್‌ಲ್ಯಾಂಡಿನ ಕಡೆಗೆ, ಕಾಡ್ ಮೀನಿಗಾಗಿ.

ತೀರದಿಂದ 200 ನಾಟಿಕಲ್ ಮೈಲಿವರೆಗಿನ ಮೀನು ತನ್ನದೆಂದು ಐಸ್‌ಲ್ಯಾಂಡ್ ಹಾಕಿದ್ದ ಗಡಿಯನ್ನು 1976ರಲ್ಲಿ ಬ್ರಿಟನ್ ಒಪ್ಪಿಕೊಂಡಿತು. ದೂರದ ಕಡಲಿಗೆ ಹೋಗುತ್ತಿದ್ದ ದೋಣಿಗಳ ಕಾಲ ಅಲ್ಲಿಗೆ ಮುಗಿಯಿತು. ತನ್ನ ಮೀನನ್ನು ಕಾಯುವ ಹಕ್ಕು ಆ ಪುಟ್ಟ ದೇಶಕ್ಕೆ ಇತ್ತು, ಅದನ್ನು ಅಲ್ಲಗಳೆಯಲಾರೆ. ಆದರೆ ಈ ಬೆರಳುಗಳಿಗೆ ಯಾರು ಏನು ಕೊಟ್ಟರು? ಊರಿನ ಕಾರ್ಖಾನೆಗಳಲ್ಲಿ ಈಗಲೂ ಮೀನು ಹಸನು ಮಾಡುತ್ತಾರೆ. ಅದರಲ್ಲಿ ಬಹಳಷ್ಟು ಬರುವುದು ಅದೇ ಐಸ್‌ಲ್ಯಾಂಡಿನಿಂದ, ನಾರ್ವೆಯಿಂದ.

ಅಜ್ಜ ಈ ಯಾವುದನ್ನೂ ದೂರಿನಂತೆ ಹೇಳಲಿಲ್ಲ. ಮನೆಯಲ್ಲಿ ಹೀಟರ್ ಹಾಕುವುದಕ್ಕಿಂತ ಇಲ್ಲಿ ಕೂರುವುದು ಅಗ್ಗ ಎಂದಷ್ಟೇ ಹೇಳಿದರು.

ಆಮೇಲೆ ನಿಧಾನವಾಗಿ ಎದ್ದರು. ಕಾಫಿ ಯಂತ್ರದ ಕಡೆ ಹೊರಟವರು ತಿರುಗಿ ಬಂದು, ಕೇಳದೆಯೇ, ನನ್ನ ಖಾಲಿ ಲೋಟವನ್ನೂ ಎತ್ತಿಕೊಂಡರು.