ಇಷ್ಟೆಲ್ಲ ದಾನಿಗಳಿರುವಾಗ ನಗರಸಭೆ ಎಂತಕ್ಕೆ?

"ನಮ್ಮ ಉಡುಪಿಯಲ್ಲಿ ದಾನಿಗಳಿಗೆ ಎಂತ ಬರ ಉಂಟು? ಮಠ ಉಂಟು, ಚರ್ಚ್ ಉಂಟು, ಮಸೀದಿ ಉಂಟು, ಯುವಕ ಮಂಡಲಗಳು ಉಂಟು. ನಗರಸಭೆ ರಸ್ತೆ, ಚರಂಡಿ ಸರಿ ಮಾಡಿದ್ರೆ ಸಾಕು. ನಮ್ಮ ತೆರಿಗೆ ದುಡ್ಡನ್ನು ಸಮಾಜ ಸೇವೆಗೆ ಎಂತಕ್ಕೆ ಹಾಕ್ಬೇಕು ಮಾರಾಯ್ರೆ?"

ಮನೆಯಲ್ಲೇ ಹಾಸಿಗೆ ಹಿಡಿದವರ ಆರೈಕೆಗೆ ಹೋಗುವ ಸಣ್ಣ ತಂಡವೊಂದರ ಜೊತೆ ಹನ್ನೊಂದು ವರ್ಷದಿಂದ ಓಡಾಡುತ್ತಿದ್ದೇನೆ. ಹಾಗಾಗಿ ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಹಾಕಲೇಬೇಕು ಅನ್ನುವುದು ನನ್ನ ಉತ್ತರ.

ದಾನವನ್ನು ನಾನು ಹಗುರವಾಗಿ ಕಾಣುವವಳಲ್ಲ. ಹೆಂಗಸರ, ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟ ಹಾಜಿ ಅಬ್ದುಲ್ಲಾ ಸಾಹೇಬರ ಊರು ಇದು. ಕೃಷ್ಣಮಠದಲ್ಲಿ ಹಸಿದು ಬಂದವರಿಗೆ ದಿನವೂ ಊಟವಿದೆ. ನಮ್ಮ ತಂಡದ ಔಷಧಿ ಪೆಟ್ಟಿಗೆ ತುಂಬುವುದೂ ದಾನದಿಂದಲೇ. ಆದರೆ ಕೊಡುವವರ ಕಣ್ಣಿಗೆ ಬಿದ್ದದ್ದಕ್ಕೆ, ಅವರ ಮನಸ್ಸಿಗೆ ಒಪ್ಪಿದ್ದಕ್ಕೆ ಮಾತ್ರ ದಾನ ಬರುತ್ತದೆ. ಜೂನ್ ತಿಂಗಳಲ್ಲಿ ಒಂದೇ ಶಾಲೆಗೆ ಮೂರು ಸಂಘದವರು ನೋಟ್ ಪುಸ್ತಕ ತಂದು ಕೊಟ್ಟದ್ದನ್ನು ಕಂಡಿದ್ದೇನೆ. ವಯಸ್ಸಾದವರ ಡಯಾಪರ್ ಕೊಡುತ್ತೇವೆ ಎಂದು ತಾವಾಗಿಯೇ ಮುಂದೆ ಬಂದವರನ್ನು ಇಷ್ಟು ವರ್ಷದಲ್ಲಿ ಕಂಡಿಲ್ಲ.

ಜೋರು ಮಳೆಯ ಒಂದು ಆಟಿ ತಿಂಗಳಲ್ಲಿ ನಾವು ಹೋದ ಮನೆಯೊಂದನ್ನು ಮರೆಯಲಾರೆ. ನಲವತ್ತು ವರ್ಷ ಬೀಡಿ ಕಟ್ಟಿ ಸಂಸಾರ ನಡೆಸಿದ ಹೆಂಗಸು ಪಾರ್ಶ್ವವಾಯು ಬಡಿದು ಮಲಗಿದ್ದರು. ನೋಡಿಕೊಳ್ಳುವುದಕ್ಕೆ ಗಂಡ ಒಬ್ಬರೇ, ಅವರಿಗೂ ಎಪ್ಪತ್ತು ದಾಟಿತ್ತು. ಹಳೆ ಸೀರೆಗಳನ್ನು ಚೌಕ ಚೌಕವಾಗಿ ಹರಿದು, ಒಗೆದು, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಮಳೆ ಬಿಡದೆ ಹಿಡಿದಿತ್ತು. ಅಂಚಿನಲ್ಲಿ ಹೊಗೆಯ ಕಪ್ಪು ಹಿಡಿದ ಆ ಬಟ್ಟೆಗಳು ಮುಟ್ಟಿದರೆ ಇನ್ನೂ ತಣ್ಣಗಿದ್ದವು. "ಬಿಸಿಲು ಬಂದ್ರೆ ಎಂತದೂ ತೊಂದರೆ ಇಲ್ಲ ಅಕ್ಕ" ಎಂದು ತುಳುವಿನಲ್ಲಿ ಹೇಳಿ, ಹೆಂಡತಿಯ ಸೊಂಟದ ಹತ್ತಿರದ ಹುಣ್ಣನ್ನು ತೋರಿಸಿದರು. ಒದ್ದೆ ಬಟ್ಟೆಯಲ್ಲಿ ಮಲಗಿ ಮಲಗಿ ಆದ ಹುಣ್ಣು ಅದು.

ದಿನಕ್ಕೆ ಮೂರು ಡಯಾಪರ್ ಲೆಕ್ಕ ಹಾಕಿದರೂ ತಿಂಗಳಿಗೆ ಎರಡು ಸಾವಿರ ರೂಪಾಯಿ ದಾಟುತ್ತದೆ. ಅವರಿಗೆ ಸರಕಾರದ ವೃದ್ಧಾಪ್ಯ ಪಿಂಚಣಿ ಸಂಧ್ಯಾ ಸುರಕ್ಷಾದಿಂದ ತಿಂಗಳಿಗೆ ಬರುತ್ತಿದ್ದದ್ದು 1,200 ರೂಪಾಯಿ. ನಾನು ಒಬ್ಬ ದಾನಿಯ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಕೂಡಲೇ ಕೊಟ್ಟರು. ನಾಲ್ಕು ತಿಂಗಳಾದ ಮೇಲೆ ಅವರ ವ್ಯಾಪಾರ ಕುಸಿಯಿತು, ಸಹಾಯ ನಿಂತಿತು. ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಹಾಸಿಗೆಯಲ್ಲಿದ್ದವರಿಗೆ ಐದನೆಯ ತಿಂಗಳಲ್ಲೂ ಡಯಾಪರ್ ಬೇಕಿತ್ತು.

ಅದು ಬರಿಯ ದುಡ್ಡಿನ ಕೊರತೆ. ದುಡ್ಡು ಎಷ್ಟಿದ್ದರೂ ದಾನದಿಂದ ಆಗದ ಕೆಲಸವೂ ಇದೆ ಎಂಬುದಕ್ಕೆ ಸಾಕ್ಷಿ ನಮ್ಮ ಉಡುಪಿಯಲ್ಲೇ ಉಂಟು. 1968ರಲ್ಲಿ ಡಾ. ವಿ. ಎಸ್. ಆಚಾರ್ಯರು ಆಗ ಪುರಸಭೆಯಾಗಿದ್ದ ನಮ್ಮ ನಗರಸಭೆಯ ಅಧ್ಯಕ್ಷರಾದರು. ಅವರ ಕಾಲದಲ್ಲಿ ಪುರಸಭೆ ಇಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ಸಂಸತ್ತು ಅದರ ಬಗ್ಗೆ ಕಾನೂನು ಮಾಡಿದ್ದು 1993ರಲ್ಲಿ. ಪುರಸಭೆ ಆ ಕೆಲಸ ಮಾಡುವ ಮೊದಲೂ ಇಲ್ಲಿ ಅಷ್ಟಮಠಗಳು ಇದ್ದವು, ಉದಾರಿಗಳೂ ಇದ್ದರು. ಮಲ ಹೊರುತ್ತಿದ್ದವರಿಗೆ ಹಬ್ಬಕ್ಕೊಂದು ಸೀರೆ, ಒಂದು ಸೇರು ಅಕ್ಕಿ ಸಿಕ್ಕಿದ್ದೀತು. ತಲೆಯ ಮೇಲಿನ ಡಬ್ಬ ಇಳಿಸುವುದಕ್ಕೆ ಮಾತ್ರ ಜನ ಆರಿಸಿದ ಪುರಸಭೆಯ ಅಧಿಕಾರವೇ ಬೇಕಾಯಿತು. ನನ್ನ ಮಟ್ಟಿಗೆ ಈ ಊರಿನ ಅತಿ ದೊಡ್ಡ ಸಮಾಜ ಸೇವೆ ಅದು.

"ತೆರಿಗೆ ದುಡ್ಡು" ಎನ್ನುವವರು ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿಗೆಂದು ಸಾಲು ನಿಂತು ಕಟ್ಟುವ ಮನೆ ತೆರಿಗೆಯ ಚಲನ್ ಒಮ್ಮೆ ಬಿಡಿಸಿ ನೋಡಬೇಕು. ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಹೌದು, ಭಿಕ್ಷುಕರ ಕರ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ಸಂಗ್ರಹಿಸುವುದು ನಗರಸಭೆ, ಸಲ್ಲಬೇಕಾದದ್ದು ಭಿಕ್ಷುಕರ ಪುನರ್ವಸತಿ ನೋಡಿಕೊಳ್ಳುವ ರಾಜ್ಯದ ಕೇಂದ್ರ ಪರಿಹಾರ ಸಮಿತಿಗೆ. ಅಂದರೆ ಸೇವೆಗೆಂದು ನಾವೆಲ್ಲ ಆಗಲೇ ಕೊಡುತ್ತಿದ್ದೇವೆ. ಇನ್ನು ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆಂದು ಪಟ್ಟಿ ಮಾಡಿದ 18 ವಿಷಯಗಳಲ್ಲಿ ರಸ್ತೆ, ನೀರಿನ ಜೊತೆಗೇ ಬಡತನ ನಿವಾರಣೆಯಿದೆ, ದುರ್ಬಲರ ಮತ್ತು ಅಂಗವಿಕಲರ ಹಿತ ಕಾಯುವುದೂ ಇದೆ.

ದುಡ್ಡು ಇಟ್ಟ ಮಾತ್ರಕ್ಕೆ ತಲುಪುತ್ತದೆಯೇ ಎಂದರೆ ಇಲ್ಲ, ಒಪ್ಪುತ್ತೇನೆ. ನಮ್ಮ ಜಿಲ್ಲೆಯ ಒಂದು ಪಟ್ಟಣದ ಆಡಳಿತ ಕಚೇರಿಯಲ್ಲಿ ಅಂಗವಿಕಲರಿಗೆಂದು ಮೀಸಲಿಟ್ಟ ಶೇ. 5 ನಿಧಿಯ ಅರ್ಜಿ ಕೊಡುತ್ತಿದ್ದದ್ದು ಮಹಡಿಯ ಮೇಲೆ. ಲಿಫ್ಟ್ ಇರಲಿಲ್ಲ. ಪ್ರಕಟಣೆ ಅಂಟಿಸಿದ್ದೂ ಅಲ್ಲೇ, ಮೇಲಿನ ನೋಟಿಸ್ ಬೋರ್ಡಿನಲ್ಲಿ. ಎರಡೂ ಕಾಲು ಸ್ವಾಧೀನವಿಲ್ಲದ ಹುಡುಗನನ್ನು ಅವನ ತಾಯಿ ಕೆಳಗೆ ಆಟೋದಲ್ಲೇ ಕೂರಿಸಿ ಮೂರು ಸಲ ಹತ್ತಿ ಇಳಿದರು. ಒಮ್ಮೆ ಆದಾಯ ಪ್ರಮಾಣಪತ್ರ, ಇನ್ನೊಮ್ಮೆ ಫೋಟೋ, ಮತ್ತೊಮ್ಮೆ "ಸಾಹೇಬ್ರು ಮೀಟಿಂಗಿಗೆ ಹೋಗಿದ್ದಾರೆ". ನನಗೆ ಸಿಟ್ಟು ತಡೆಯಲಿಲ್ಲ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿದೆ: ಆ ನಿಧಿಯಲ್ಲಿ ಎಷ್ಟು ಇಟ್ಟಿರಿ, ಎಷ್ಟು ಖರ್ಚಾಯಿತು, ಯಾರಿಗೆ? ಆ ವಾರ್ಡಿನ ಸದಸ್ಯರು ಸಭೆಯಲ್ಲಿ ವಿಷಯ ಎತ್ತಿದರು. ಮುಂದಿನ ಸಲ ಅರ್ಜಿ ಕೊಡುವ ಮೇಜು ಕೆಳಗೆ, ಬಾಗಿಲ ಪಕ್ಕಕ್ಕೆ ಬಂತು. ಹುಡುಗನಿಗೆ ತ್ರಿಚಕ್ರ ಸ್ಕೂಟರ್ ಸಿಕ್ಕಿತು.

ದಾನಿಯ ಮನೆ ಬಾಗಿಲಲ್ಲಿ ನಿಂತು ಆ ತಾಯಿ ಲೆಕ್ಕ ಕೇಳುವ ಹಾಗಿರಲಿಲ್ಲ, ಕೈ ಮುಗಿದು ಬರಬೇಕಿತ್ತು. ಇಲ್ಲಿ ಅವರ ಪರವಾಗಿ ನಾನು ಲೆಕ್ಕ ಕೇಳಿದೆ, ಕಚೇರಿಯವರು ಉತ್ತರ ಕೊಡಲೇಬೇಕಾಯಿತು. ಇಂಥ ದುಡ್ಡು ನಗರಸಭೆಯಿಂದಲೇ ಬರಬೇಕೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

ಎಲ್ಲವನ್ನೂ ನಗರಸಭೆಯ ಸಿಬ್ಬಂದಿಯೇ ಮಾಡಬೇಕೆಂದು ಹೇಳುತ್ತಿಲ್ಲ. ರೋಗಿಯನ್ನು ಮಗ್ಗುಲು ಬದಲಿಸುವುದನ್ನು, ಹುಣ್ಣು ತೊಳೆಯುವುದನ್ನು ಬಲ್ಲ ಸಂಘಗಳಿವೆ. ಅವಕ್ಕೆ ದುಡ್ಡು ಕೊಡಲಿ, ರಸೀದಿ ಕೇಳಲಿ, ಯಾರ ಮನೆಗೆ ಎಷ್ಟು ಸಲ ಹೋದರೆಂಬ ಪಟ್ಟಿ ಕೇಳಲಿ. ಸನ್ಮಾನಕ್ಕೆ, ಶಾಲು ಹಾರಕ್ಕೆ ಮಾತ್ರ ಆ ದುಡ್ಡಿನಿಂದ ಒಂದು ಪೈಸೆಯೂ ಹೋಗಬಾರದು.

ಬಜೆಟ್ ಪೂರ್ವಭಾವಿ ಸಭೆಯಲ್ಲಿ ಜನ ಎದ್ದು ನಿಂತು ದಾರಿದೀಪ, ಚರಂಡಿ, ಇಂಟರ್‌ಲಾಕ್ ಕೇಳುತ್ತಾರೆ, ಕೇಳಬೇಕಾದದ್ದೇ. ಈ ಸಲ ನಾನೂ ಒಂದು ಮನವಿ ಬರೆದು ಇಟ್ಟುಕೊಂಡಿದ್ದೇನೆ: ಮನೆಯಲ್ಲಿ ಹಾಸಿಗೆ ಹಿಡಿದವರ ಪಟ್ಟಿಯನ್ನು ವಾರ್ಡುವಾರು ಮಾಡಿ, ಅವರ ಡಯಾಪರ್, ಔಷಧಿಗೆ, ವಾರಕ್ಕೊಮ್ಮೆ ಹೋಗುವ ಒಬ್ಬ ನರ್ಸಿನ ಸಂಬಳಕ್ಕೆ ಬಜೆಟಿನಲ್ಲಿ ಪ್ರತ್ಯೇಕ ಹಣ ಇಡಿ. ನನ್ನನ್ನು ಈ ಪ್ರಶ್ನೆ ಕೇಳಿದವರೆಲ್ಲ ಆ ಸಭೆಗೆ ಬನ್ನಿ. ಬೇಡವೆನಿಸಿದರೆ ಅಲ್ಲೇ ಎದ್ದು ಹೇಳಿ. ಹಳೆ ಸೀರೆ ಹರಿದು ಒಣಗಿಸುತ್ತಿದ್ದ ಆ ಮನೆಯ ಅಜ್ಜರನ್ನೂ ಕರೆದುಕೊಂಡು ಬರುತ್ತೇನೆ. ಒಂದು ಗಂಟೆ ಹೆಂಡತಿಯ ಹತ್ತಿರ ಕೂರಲು ಯಾರಾದರೂ ಸಿಕ್ಕಿದರೆ ಬರುತ್ತೇನೆ ಎಂದಿದ್ದಾರೆ.